ನೆಲ ಸೀಳಿದಲ್ಲಿ ಸಾಗರ

ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಅಲ್ಲಿನ ಆರು ಮೂಲೆಯ ಕಲ್ಲುಕಂಬಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದೆ ಮರಳುವುದಿಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಆ ಕಲ್ಲು ಲಾವಾ ಆಗಿ ಹೊರಬಿದ್ದಾಗ ಪಡುವಣದಲ್ಲಿ ಅರಬ್ಬಿ ಸಮುದ್ರವೇ ಇರಲಿಲ್ಲ. ಅಲ್ಲಿದ್ದದ್ದು ಮಡಗಾಸ್ಕರ್. ಅದೇ ಕಾಲದ ಲಾವಾ ಮಡಗಾಸ್ಕರಿನಲ್ಲೂ ಸಿಗುತ್ತದೆ. ಅದರ ಪೂರ್ವ ಕರಾವಳಿಯ ಪುರಾತನ ಶಿಲೆಗಳು ನಮ್ಮ ಧಾರವಾಡ ಸೀಮೆಯ ಶಿಲೆಗಳನ್ನು ಹೋಲುತ್ತವೆ. ಇಂದು ಎರಡರ ನಡುವೆ ಸುಮಾರು 4,000 ಕಿ.ಮೀ. ನೀರು.

ಇಷ್ಟು ದೊಡ್ಡ ನೆಲವನ್ನು ಸೀಳಿದ್ದು ಕಡಲಲ್ಲ. ಭೂಮಿಯ ಒಡಲಿನ ಕಾವು ಮೇಲೇರಿ ಖಂಡದ ತಳಕ್ಕೆ ತಾಗಿದಾಗ ನೆಲ ಉಬ್ಬುತ್ತದೆ. ದೂರದಲ್ಲೆಲ್ಲೋ ಆಳಕ್ಕೆ ಮುಳುಗುತ್ತಿರುವ ಭೂಫಲಕಗಳು ಅದನ್ನು ಎಳೆಯುತ್ತಿರುತ್ತವೆ. ನಾದಿದ ಹಿಟ್ಟನ್ನು ಎರಡೂ ಕೈಯಿಂದ ಜಗ್ಗಿದಾಗ ಆಗುವಂತೆ ನಡುಭಾಗ ತೆಳ್ಳಗಾಗಿ, ಬಿರಿದು, ಉದ್ದುದ್ದ ಕಣಿವೆಯಾಗಿ ಕುಸಿಯುತ್ತದೆ. ಬಿರುಕುಗಳಿಗೆ ಶಿಲಾಪಾಕ ನುಗ್ಗುತ್ತದೆ. ಕಣಿವೆ ಸಮುದ್ರಮಟ್ಟಕ್ಕಿಂತ ಕೆಳಗಿಳಿದು, ಒಂದು ತುದಿ ತೆರೆದುಕೊಂಡ ಮೇಲಷ್ಟೇ ನೀರಿನ ಸರದಿ. ಅಲ್ಲಿಂದ ಮುಂದೆ ನಡುಬಿರುಕಿನಿಂದ ಉಕ್ಕಿದ ಶಿಲಾಪಾಕವೇ ಗಟ್ಟಿಯಾಗಿ ಹೊಸ ಸಾಗರತಳವಾಗುತ್ತದೆ, ಎರಡೂ ದಡಗಳು ದೂರ ಸರಿಯುತ್ತವೆ.

ಖಂಡಗಳು ಸರಿದಿವೆ ಎಂದು ಜರ್ಮನಿಯ ಆಲ್ಫ್ರೆಡ್ ವೆಗೆನರ್ 1912ರಲ್ಲೇ ಹೇಳಿದ್ದರು. ಸರಿಸಿದ ಶಕ್ತಿ ಯಾವುದೆಂದು ತೋರಿಸಲು ಅವರಿಗೆ ಆಗಲಿಲ್ಲ. ಬಲವಾದ ಸಾಕ್ಷಿ ಸಿಕ್ಕಿದ್ದು ಸಾಗರದ ತಳದಲ್ಲಿ. ನಡುಬಿರುಕಿನ ಎರಡೂ ಬದಿಯ ಶಿಲೆಗಳಲ್ಲಿ ಭೂಮಿಯ ಕಾಂತಧ್ರುವಗಳು ಅದಲುಬದಲಾದ ಗುರುತು ಪಟ್ಟೆಪಟ್ಟೆಯಾಗಿ ಉಳಿದಿದೆ ಎಂದು 1963ರಲ್ಲಿ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ ವಿವರಿಸಿದರು. ಆ ಪಟ್ಟೆಗಳನ್ನು ಓದಿದರೆ ಯಾವ ನೆಲ ಯಾವಾಗ ಬೇರೆಯಾಯಿತೆಂದು ಲೆಕ್ಕ ಹಾಕಬಹುದು. ಭಾರತ, ಮಡಗಾಸ್ಕರ್, ಅಂಟಾರ್ಕ್ಟಿಕಾ ಒಂದಾಗಿದ್ದ ಗೊಂಡ್ವಾನ ಮಹಾಖಂಡ ಒಡೆಯತೊಡಗಿದ್ದು ಸುಮಾರು 18 ಕೋಟಿ ವರ್ಷಗಳ ಹಿಂದೆ. ಭಾರತ ಮೊದಲು ಮಡಗಾಸ್ಕರನ್ನು ಜೊತೆಗಿಟ್ಟುಕೊಂಡೇ ಅಂಟಾರ್ಕ್ಟಿಕಾದಿಂದ ದೂರವಾಯಿತು, ಆಮೇಲೆ ಮಡಗಾಸ್ಕರನ್ನು ಬಿಟ್ಟಿತು. ದಖ್ಖನ್ನಿನ ಲಾವಾ ಹರಿದ ಕಾಲದ ಆಸುಪಾಸಿನಲ್ಲಿ ಸೆಶೆಲ್ಸ್ ಕೂಡ ಕಳಚಿಕೊಂಡಿತು.

ಇದೆಲ್ಲ ಮುಗಿದ ಕಥೆಯೇನೂ ಅಲ್ಲ. ಇಥಿಯೋಪಿಯಾದ ಅಫಾರ್ ಸೀಮೆಯಲ್ಲಿ 2005ರ ಸೆಪ್ಟೆಂಬರಿನಲ್ಲಿ ಸಾಲುಸಾಲು ಭೂಕಂಪಗಳಾದವು. ಕೆಲವೇ ದಿನಗಳಲ್ಲಿ ಸುಮಾರು 60 ಕಿ.ಮೀ. ಉದ್ದಕ್ಕೆ ನೆಲದಡಿ ಶಿಲಾಪಾಕ ನುಗ್ಗಿ, ಎರಡು ಬದಿಗಳು ಕೆಲವೆಡೆ 8 ಮೀಟರಿನಷ್ಟು ಸರಿದವು. ವರ್ಷಕ್ಕೆ ಸೆಂಟಿಮೀಟರುಗಳಲ್ಲಿ ಅಳೆಯುವ ಚಲನೆ, ಶತಮಾನಗಳ ಬಿಗಿತವನ್ನು ಒಮ್ಮೆಲೇ ಸಡಿಲಿಸಿದ ಗಳಿಗೆ ಅದು. ಮನುಷ್ಯರ ಕಣ್ಣೆದುರೇ ಹೀಗಾಗುವುದು ಬಲು ಅಪರೂಪ. ಅಲ್ಲೇ ಸನಿಹದ ಡನಾಕಿಲ್ ತಗ್ಗು ಸಮುದ್ರಮಟ್ಟಕ್ಕಿಂತ 100 ಮೀಟರಿಗೂ ಕೆಳಗಿದೆ. ಹಿಂದೊಮ್ಮೆ ಕೆಂಪು ಸಮುದ್ರ ಒಳನುಗ್ಗಿ, ಆವಿಯಾಗಿ ಬಿಟ್ಟುಹೋದ ಉಪ್ಪನ್ನು ಅಫಾರ್ ಜನ ಹಲಗೆಗಳಾಗಿ ಕಡಿದು ಒಂಟೆಗಳ ಮೇಲೆ ಹೇರಿ ಮಾರುತ್ತಾರೆ.

ಬಿರುಕು ಬಿಟ್ಟ ನೆಲವೆಲ್ಲ ಸಾಗರವಾಗುತ್ತದೆಂದಲ್ಲ. ಗೋದಾವರಿ ಕಣಿವೆ 25 ಕೋಟಿ ವರ್ಷಗಳಿಗೂ ಹಿಂದೆ ಹೀಗೆಯೇ ಕುಸಿದು, ಅರ್ಧಕ್ಕೇ ನಿಂತಿತು. ಕಡಲು ಬರಬೇಕಿದ್ದ ತಗ್ಗಿನಲ್ಲಿ ಜೌಗುಕಾಡು ಬೆಳೆದು, ಹೂತು, ಸಿಂಗರೇಣಿಯ ಕಲ್ಲಿದ್ದಲಾಯಿತು. ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಕುಲುಮೆಗಳಿಗೆ ರೈಲಿನಲ್ಲಿ ಬರುವುದರಲ್ಲಿ ಈ ಕಲ್ಲಿದ್ದಲೂ ಇದೆ.