ಮಕ್ಕಳ ಹೊಸ ಪುಸ್ತಕ ಅಕ್ಕಿಆಲೂರಿಗೆ ಬರುವ ದಾರಿ ಯಾವುದು?

ಕನ್ನಡದಲ್ಲಿ ಮಕ್ಕಳಿಗೆ ಹೊಸ ಪುಸ್ತಕಗಳೇ ಇಲ್ಲ ಅನ್ನೋ ಮಾತನ್ನ ನಾನು ಅಕ್ಕಿಆಲೂರಿನಲ್ಲಿ ಮಾಸ್ತರರ ಬಾಯಲ್ಲೂ ಕೇಳಿದ್ದೇನೆ, ಪಾಲಕರ ಬಾಯಲ್ಲೂ ಕೇಳಿದ್ದೇನೆ. ಹೆಸರು ಹೇಳಿ ಅಂದರೆ ಪಂಜೆ, ಜಿ.ಪಿ. ರಾಜರತ್ನಂ, ಕುವೆಂಪು ಅವರ ಕಿಂದರಿಜೋಗಿ. ಅಲ್ಲಿಗೆ ಪಟ್ಟಿ ಮುಗೀತು. ಅವರು ದೊಡ್ಡವರು, ಅನುಮಾನವೇ ಇಲ್ಲ. ಆದರೆ ಅಜ್ಜ ಓದಿದ್ದನ್ನೇ ಮೊಮ್ಮಗಳೂ ಓದಬೇಕಾದರೆ ಎಲ್ಲೋ ಏನೋ ಕಟ್ಟಿಕೊಂಡಿದೆ ಅಂತಲೇ ಅರ್ಥ. ಪುಸ್ತಕ ಬರ್ತಾ ಇವೆ, ಊರಿಗೆ ತಲುಪ್ತಾ ಇಲ್ಲ.

ಬರೆಯೋರು ಪಕ್ಕದಲ್ಲೇ ಇದ್ದಾರೆ

ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡ್ತಿದೆ. ಮೊದಲ ವರ್ಷ ಕನ್ನಡಕ್ಕೆ ಅದನ್ನ ತಂದದ್ದು ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ’. ಈಚಿನ ವರ್ಷಗಳನ್ನ ನೋಡಿ: 2020ರಲ್ಲಿ ಎಚ್.ಎಸ್. ಬ್ಯಾಕೋಡ ಅವರ ‘ನಾನೂ ಅಂಬೇಡ್ಕರ್’, 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’, 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆ ಅವರ ‘ಛೂಮಂತ್ರಯ್ಯನ ಕಥೆಗಳು’.

ಬೀಗಾರರ ಸಿದ್ದಾಪುರ ನಮಗೆ ಶಿರಸಿ ದಾಟಿದರೆ ಸಿಗುತ್ತೆ. ಬೇವಿನಗಿಡದ ಅವರ ಧಾರವಾಡವಂತೂ 1997ರಲ್ಲಿ ಹಾವೇರಿ ಜಿಲ್ಲೆ ಆಗೋ ತನಕ ನಮ್ಮದೇ ಜಿಲ್ಲೆ. ಬರೆಯೋರು ಇಷ್ಟು ಹತ್ತಿರ, ಪುಸ್ತಕ ಮಾತ್ರ ದೂರ. ಬೇಕು ಅಂದರೆ ಹುಬ್ಬಳ್ಳಿ ಬಸ್ ಹತ್ತಬೇಕು.

ಹದಿಹರೆಯದ ಖಾಲಿ ಕಪಾಟು

ಹನ್ನೆರಡು ದಾಟಿದ ಮಕ್ಕಳ ಪಾಡು ಇನ್ನೂ ಕಷ್ಟ. ಮೊಲ, ನರಿ ಕಥೆ ಅವರಿಗೆ ಸಾಕಾಗಿದೆ, ದೊಡ್ಡವರ ಕಾದಂಬರಿ ಇನ್ನೂ ಭಾರ. ನಡುವಿನ ಜಾಗವನ್ನ ಎಷ್ಟೋ ವರ್ಷಗಳಿಂದ ತೇಜಸ್ವಿ ತುಂಬಿಕೊಂಡು ಬಂದಿದ್ದಾರೆ. 1980ರ ‘ಕರ್ವಾಲೊ’ ಹದಿಹರೆಯದವರಿಗೆ ಅಂತ ಬರೆದದ್ದಲ್ಲ, ಆದರೆ ಅವರೇ ಅದನ್ನ ತಮ್ಮದಾಗಿ ಮಾಡಿಕೊಂಡರು. ಒಂದು ಭಾಷೆ ಒಬ್ಬ ಲೇಖಕರ ಮೇಲೆ ಇಷ್ಟು ಭಾರ ಹಾಕಬಾರದು. ನಾನು ಕಂಡ ಗ್ರಾಮೀಣ ಗ್ರಂಥಾಲಯಗಳಲ್ಲಿ ಈ ವಯಸ್ಸಿನವರಿಗೆ ಇರೋದು ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳೇ. ಅವೂ ಬೇಕು. ಆದರೆ ಜಾತಿ, ದೇಹ, ಪ್ರೀತಿ, ಮನೆಯ ಸಾಲ, ಊರು ಬಿಡುವ ಆಸೆ ಇವನ್ನೆಲ್ಲ ಯೋಚಿಸೋಕೆ ಗೈಡ್ ಭಾಷೆ ಕೊಡಲ್ಲ.

ದುಡ್ಡು ನಮ್ಮದೇ

ಮನೆ ತೆರಿಗೆಯ ರಸೀದಿ ತೆಗೆದು ನೋಡಿ, ‘ಗ್ರಂಥಾಲಯ ಕರ’ ಅಂತ ಒಂದು ಸಾಲು ಇರುತ್ತೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು ಅದು. ಆಸ್ತಿ ತೆರಿಗೆ ನೂರು ರೂಪಾಯಿ ಇದ್ದರೆ ಅದರ ಮೇಲೆ ಆರು ರೂಪಾಯಿ. ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು ರಾಜ್ಯದಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚಿವೆ. 2019ರಲ್ಲಿ ಅವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ ಆಯ್ತು. ಒಳ್ಳೆಯ ಹೆಜ್ಜೆ. ಈಗ ಕೇಳಬೇಕಾದ ಪ್ರಶ್ನೆ, ಕಾರ್ಡ್ ಹಿಡಿದು ಬಂದ ಹುಡುಗಿಗೆ ಯಾವ ಪುಸ್ತಕ ಸಿಗುತ್ತೆ?

ಸರ್ಕಾರದ ಸಗಟು ಖರೀದಿಯಲ್ಲಿ ಪುಸ್ತಕಕ್ಕೆ ಪುಟದ ಲೆಕ್ಕದಲ್ಲಿ ದರ ಕಟ್ಟುತ್ತಾರೆ. ದಪ್ಪ ಪುಸ್ತಕಕ್ಕೆ ಈ ಲೆಕ್ಕ ಹೊಂದುತ್ತೆ. ಚಿತ್ರಗಾರರು ತಿಂಗಳುಗಟ್ಟಲೆ ಕೂತು ಮಾಡಿದ ಇಪ್ಪತ್ನಾಲ್ಕು ಪುಟದ ಚಿತ್ರಪುಸ್ತಕದ ಶ್ರಮವನ್ನ ಪುಟ ಎಣಿಸಿ ಅಳೆಯೋಕೆ ಆಗಲ್ಲ. ಆಯ್ಕೆಯಲ್ಲಿ ಮಕ್ಕಳ ಮಾತಿಗೆ ಜಾಗವೇ ಇಲ್ಲದಿರೋದು ಇದಕ್ಕಿಂತ ದೊಡ್ಡ ಕೊರತೆ.

ಒಳ್ಳೆಯದನ್ನ ಗುರುತಿಸೋದು ಹೇಗೆ

ನಾನು ಮೂರು ವಿಷಯ ನೋಡ್ತೇನೆ. ಕಥೆಯ ಮಗು ತಾನೇ ಏನಾದರೂ ನಿರ್ಧಾರ ಮಾಡುತ್ತಾ, ಇಲ್ಲ ಕೊನೆಗೆ ದೊಡ್ಡವರು ಬಂದು ನೀತಿ ಹೇಳಿ ಮುಗಿಸ್ತಾರಾ? ಕೂಲಿ ಮಾಡೋರ ಮನೆ, ದಲಿತರ ಕೇರಿ, ಮುಸ್ಲಿಮರ ಓಣಿ ಕಥೆಯಲ್ಲಿ ಸಹಜವಾಗಿ ಬರುತ್ತಾ, ಕನಿಕರಕ್ಕೆ ಬರುತ್ತಾ? ಗಟ್ಟಿಯಾಗಿ ಓದಿದರೆ ಭಾಷೆ ಬಾಯಿಗೆ ಕೂರುತ್ತಾ? ಆಮೇಲೆ ಪುಸ್ತಕ ಮಗುವಿನ ಕೈಗೆ ಕೊಟ್ಟು ಸುಮ್ಮನಾಗಬೇಕು. ಬ್ಯಾಡ ಅನಿಸಿದರ ಅರ್ಧಕ್ಕ ಬಿಡಲಿ, ಅದೂ ಓದುಗರ ಹಕ್ಕೇ.

ಹುಡುಕೋರಿಗೆ ಇವತ್ತೇ ತೆರೆದಿರೋ ಬಾಗಿಲೂ ಇದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳನ್ನ ಮೊಬೈಲಿನಲ್ಲೇ ಉಚಿತವಾಗಿ ಓದಬಹುದು, ಮುದ್ರಿಸಿ ಹಂಚಲೂಬಹುದು. ಆದರೆ ಮನೆಗೊಂದೇ ಮೊಬೈಲ್, ಅದೂ ಅಪ್ಪನ ಕಿಸೆಯಲ್ಲಿ ಇರೋ ಕಡೆ ಕಪಾಟಿಗೆ ಬದಲಿ ಇಲ್ಲ.

ಹಾನಗಲ್ ತಾಲೂಕಿನ ಶೇಷಗಿರಿಯಂಥ ಸಣ್ಣ ಹಳ್ಳಿಯ ಯುವಕರು ರಂಗಭೂಮಿಯನ್ನ ತಮ್ಮೂರಲ್ಲೇ ಕಟ್ಟಿದ್ದಾರೆ. ಪುಸ್ತಕದ ಕೆಲಸ ಅದಕ್ಕಿಂತ ಕಷ್ಟದ್ದಲ್ಲ. ನವೆಂಬರ್ ಹೊತ್ತಿಗೆ ಪಂಚಾಯ್ತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೀಬೇಕು. ಶೌಚಾಲಯ, ಬಸ್ಸಿನ ಬೇಡಿಕೆಯ ಜೊತೆ ಮಕ್ಕಳೇ ಮಾಡಿದ ಹತ್ತು ಪುಸ್ತಕಗಳ ಪಟ್ಟಿಯೂ ಅಲ್ಲಿ ನಡಾವಳಿಗೆ ಸೇರಲಿ. ಗ್ರಂಥಾಲಯ ಕರ ಎಷ್ಟು ಬಂತು, ಮಕ್ಕಳ ಪುಸ್ತಕಕ್ಕೆ ಎಷ್ಟು ಹೋಯ್ತು ಅಂತ ನಾವು ದೊಡ್ಡವರು ಪಿಡಿಒ ಅವರನ್ನ ಕೇಳೋಣ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು.