ಕನ್ನಡಕದ ನಂಬರು ಹೇಳದ ಮಾತು

ಹತ್ತಿರದ ಪುಸ್ತಕ ಸ್ಪಷ್ಟ, ದೂರದ ಕಪ್ಪುಹಲಗೆ ಮಸಕು. ಇದು ಸಮೀಪದೃಷ್ಟಿಯ ಲಕ್ಷಣವೆಂಬುದನ್ನು ಎಲ್ಲರೂ ಬಲ್ಲರು. ಇಂಥ ಮಕ್ಕಳಿಗೆ ವೈದ್ಯರು ಕನ್ನಡಕ ಬರೆದುಕೊಡುತ್ತಾರೆ, ಕನ್ನಡಕಕ್ಕೊಂದು ನಂಬರಿರುತ್ತದೆ. ಮಕ್ಕಳು ಕಾಲೇಜು ಮುಗಿಸುವ ವೇಳೆಗೆ ‘ಲೇಸರ್ ಚಿಕಿತ್ಸೆ ಮಾಡಿಸಿ ಈ ಕನ್ನಡಕವನ್ನು ಕಳೆದುಬಿಡಬಹುದಂತಲ್ಲ!’ ಎಂಬ ಮಾತು ಮನೆಮನೆಯಲ್ಲೂ ಏಳುತ್ತದೆ. ಆಗ ಎಲ್ಲರೂ ನೋಡುವುದು ನಂಬರನ್ನು. ಆದರೆ ನಂಬರು ತಿಳಿಸುವುದು ಬೆಳಕನ್ನು ಸರಿಯಾದ ಸ್ಥಳದಲ್ಲಿ ಕೂಡಿಸಲು ಎಂಥ ಗಾಜು ಬೇಕೆಂಬುದನ್ನು ಮಾತ್ರ. ಬೆಳಕು ಹಾದುಬರುವ ಪೊರೆಯ ಕಸುವು ಎಷ್ಟೆಂಬುದನ್ನು ಅದು ತಿಳಿಸದು. ಆ ಕಸುವಿನ ವಿಚಾರವನ್ನು ಇಲ್ಲಿ ತುಸು ನೋಡೋಣ.

ನಾವು ‘ಕರಿಗುಡ್ಡೆ’ ಎನ್ನುವ ಭಾಗವನ್ನು ಸುಶ್ರುತಸಂಹಿತೆ ಕೃಷ್ಣಮಂಡಲವೆಂದು ಕರೆದಿದೆ. ಕಪ್ಪಾಗಿ ಕಾಣುವುದು ಒಳಗಿನ ಭಾಗ. ಅದರ ಮುಂದೆ ಗಡಿಯಾರದ ಗಾಜಿನಂತೆ ಉಬ್ಬಿನಿಂತಿರುವ ಪೊರೆಗೆ ಬಣ್ಣವೇ ಇಲ್ಲ. ಅದೇ ಕಾರ್ನಿಯಾ. ಕೊಂಬು ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದ ಹೆಸರಿದು. ಅಡ್ಡಳತೆ ಸುಮಾರು 11.5 ಮಿಲಿಮೀಟರು, ನಡುವಿನ ದಪ್ಪ ಅರ್ಧ ಮಿಲಿಮೀಟರಿಗೆ ತುಸು ಹೆಚ್ಚು, ಎಂದರೆ ಸುಮಾರು 540 ಮೈಕ್ರಾನ್. ಮಿಲಿಮೀಟರಿನ ಸಾವಿರದಲ್ಲೊಂದು ಪಾಲೇ ಮೈಕ್ರಾನ್. ಇಷ್ಟು ತೆಳುವಾದ ಪೊರೆಯೇ ಕಣ್ಣಿನ ಬೆಳಕು ಬಾಗಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲನ್ನು ನಿರ್ವಹಿಸುತ್ತದೆ. ಒಳಗಿನ ಮಸೂರದ ಪಾಲು ಉಳಿದ ಒಂದು.

ಸಮೀಪದೃಷ್ಟಿಯಲ್ಲಿ ಸಾಮಾನ್ಯವಾಗಿ ಕೆಡುವುದು ಕಾರ್ನಿಯಾದ ಬಾಗಲ್ಲ, ಕಣ್ಣುಗುಡ್ಡೆಯ ಉದ್ದ. ವಯಸ್ಕರ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರು ಇರುತ್ತದೆ. ಅದು ಒಂದೇ ಒಂದು ಮಿಲಿಮೀಟರು ಹೆಚ್ಚು ಬೆಳೆದರೂ ಸುಮಾರು 2.5ರಿಂದ 3 ಡಯಾಪ್ಟರಿನಷ್ಟು ನಂಬರು ಬರುತ್ತದೆ. ಬಿಂಬ ಅಕ್ಷಿಪಟಲವನ್ನು ಮುಟ್ಟುವ ಮೊದಲೇ ಮೂಡಿ ಚದರಿಹೋಗುತ್ತದೆ. ಗುಡ್ಡೆ ಹೀಗೆ ಉದ್ದವಾಗುವಾಗ ಹಿಗ್ಗುವುದು ಅದರ ಬಿಳಿಯ ಗೋಡೆ.

ಆ ಬಿಳಿಯ ಗೋಡೆಯೂ ಈ ತಿಳಿಯಾದ ಕಾರ್ನಿಯಾವೂ ಒಂದೇ ನೂಲಿನ ಬಟ್ಟೆಗಳು. ಆ ನೂಲಿಗೆ ಕೊಲಾಜೆನ್ ಎಂದು ಹೆಸರು. ಬಿಳಿಗುಡ್ಡೆಯಲ್ಲಿ ಎಳೆಗಳು ದಪ್ಪ ಸಣ್ಣ ಎನ್ನದೆ ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡಿವೆ. ಬೆಳಕು ಅಲ್ಲಿ ಚದರುವುದರಿಂದ ಅದು ಬೆಳ್ಳಗೆ ಕಾಣುತ್ತದೆ. ಕಾರ್ನಿಯಾದಲ್ಲಿ ಸಮನಾದ ಎಳೆಗಳು ಸಮನಾದ ಅಂತರದಲ್ಲಿ ಸಾಲುಗೊಂಡು, ಇನ್ನೂರಕ್ಕೂ ಮಿಕ್ಕ ಪದರಗಳಾಗಿ, ಹಾಸು ಹೊಕ್ಕುಗಳಂತೆ ಒಂದರ ಮೇಲೊಂದು ದಿಕ್ಕು ಬದಲಿಸಿ ಕೂಡಿವೆ. ಅದರ ನೈರ್ಮಲ್ಯಕ್ಕೂ ಬಲಕ್ಕೂ ಈ ನೇಯ್ಗೆಯೇ ಕಾರಣ. ಕಣ್ಣೊಳಗಿನ ದ್ರವ ಹಗಲಿರುಳೂ ಹೊರಕ್ಕೆ ಒತ್ತುತ್ತಿರುತ್ತದೆ. ಆ ಒತ್ತಡ ಸಾಮಾನ್ಯವಾಗಿ ಪಾದರಸದ 10ರಿಂದ 21 ಮಿಲಿಮೀಟರಿನಷ್ಟು. ಅದನ್ನು ತಡೆದು ತನ್ನ ಬಾಗನ್ನು ಕಾಪಾಡಿಕೊಳ್ಳುವುದೇ ಕಾರ್ನಿಯಾದ ಕಸುವು.

ಈ ಕಸುವು ಎಂಥದು? ರಬ್ಬರಿನ ಚೆಂಡನ್ನು ಒತ್ತಿ ಬಿಟ್ಟರೆ ತಟಕ್ಕನೆ ಮೊದಲಿನಂತಾಗುತ್ತದೆ. ಬಿಸಿ ರಾಗಿಮುದ್ದೆಯನ್ನು ಒತ್ತಿದರೆ ಬೆರಳಿನ ಗುರುತು ಹಾಗೆಯೇ ನಿಲ್ಲುತ್ತದೆ. ಹೋಳಿಗೆಗೆಂದು ಚೆನ್ನಾಗಿ ನಾದಿ ನೆನೆಯಿಟ್ಟ ಕಣಕ ಇವೆರಡರ ನಡುವಿನದು. ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ನಿಧಾನವಾಗಿ ಮೇಲೇಳುತ್ತದೆ. ಕೊಟ್ಟ ಬಲದಲ್ಲಿ ಸ್ವಲ್ಪವನ್ನು ನುಂಗಿ, ಉಳಿದುದನ್ನು ಹಿಂದಿರುಗಿಸುತ್ತದೆ. ಕಾರ್ನಿಯಾದ ಸ್ವಭಾವವೂ ಇದೇ ಜಾತಿಯದು. ಹೀಗೆ ಬಲವನ್ನು ನುಂಗುವ ಗುಣಕ್ಕೆ ವಿಜ್ಞಾನಿಗಳು ‘ಹಿಸ್ಟರೆಸಿಸ್’ ಎನ್ನುತ್ತಾರೆ. ಗ್ರೀಕ್ ಮೂಲದ ಈ ಮಾತಿಗೆ ‘ಹಿಂದೆ ಬೀಳುವುದು’ ಎಂದರ್ಥ.

ಜೀವಂತ ಕಣ್ಣಿನಲ್ಲಿ ಇದನ್ನು ಅಳೆಯುವ ಬಗೆಯನ್ನು 2005ರಲ್ಲಿ ಡೇವಿಡ್ ಲೂಸ್ ಎಂಬುವರು ಪ್ರಕಟಿಸಿದರು. ಯಂತ್ರವು ಕಣ್ಣಿನ ಮೇಲೆ ಕ್ಷಣಮಾತ್ರ ಗಾಳಿಯನ್ನು ಊದುತ್ತದೆ. ಕಾರ್ನಿಯಾ ಒಳಕ್ಕೆ ಹೋಗುತ್ತ ಒಮ್ಮೆ ಚಪ್ಪಟೆಯಾಗುತ್ತದೆ, ತಗ್ಗಾಗುತ್ತದೆ, ಮರಳುತ್ತ ಮತ್ತೊಮ್ಮೆ ಚಪ್ಪಟೆಯಾಗುತ್ತದೆ. ಈ ಎರಡು ಗಳಿಗೆಗಳಲ್ಲಿನ ಗಾಳಿಯ ಒತ್ತಡಗಳ ವ್ಯತ್ಯಾಸವೇ ಹಿಸ್ಟರೆಸಿಸ್. ಹೆಚ್ಚಿನ ನಂಬರಿನ ಸಮೀಪದೃಷ್ಟಿಯವರಲ್ಲಿ ಈ ಅಂಕ ಸರಾಸರಿಯಲ್ಲಿ ತುಸು ಕಡಿಮೆಯೆಂದು ಹಲವು ಅಧ್ಯಯನಗಳು ಕಂಡಿವೆ. ‘ಸರಾಸರಿಯಲ್ಲಿ’ ಎಂಬ ಮಾತನ್ನು ಓದುಗರು ಮರೆಯಬಾರದು. ದೊಡ್ಡ ನಂಬರಿನವರೆಲ್ಲರ ಕಾರ್ನಿಯಾ ದುರ್ಬಲವಲ್ಲ. ಸಣ್ಣ ನಂಬರಿನವರೆಲ್ಲರದೂ ಗಟ್ಟಿಯಲ್ಲ. ಆದ್ದರಿಂದಲೇ ಒಬ್ಬೊಬ್ಬರ ಕಣ್ಣನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕಾಗುತ್ತದೆ.

ಇದರಿಂದ ಆಗುವ ಮೊದಲನೆಯ ತೊಡಕು ಒತ್ತಡದ ಅಳತೆಯಲ್ಲಿ. ಕಣ್ಣೊಳಗಿನ ಒತ್ತಡ ಅಳೆಯುವ ಪ್ರಸಿದ್ಧ ಉಪಕರಣ ಸ್ವಿಟ್ಜರ್ಲೆಂಡಿನ ಹಾನ್ಸ್ ಗೋಲ್ಡ್‌ಮನ್ ಅವರದು. 1950ರ ದಶಕದಲ್ಲಿ ಬಂದುದು. ಅದು ಕಾರ್ನಿಯಾವನ್ನು ಮುಟ್ಟಿ ಒತ್ತಿ ಲೆಕ್ಕ ಹೇಳುತ್ತದೆ. ಪೊರೆ ತೆಳುವಾಗಿಯೋ ಮೆತ್ತಗೋ ಇದ್ದರೆ ಒತ್ತಡ ಇರುವುದಕ್ಕಿಂತ ಕಡಿಮೆಯೆಂದು ತೋರಬಹುದು. ಸದ್ದಿಲ್ಲದೆ ದೃಷ್ಟಿಯನ್ನು ಕಸಿಯುವ ಗ್ಲಾಕೋಮಾ ಸಮೀಪದೃಷ್ಟಿಯವರಿಗೆ ಬರುವ ಸಂಭವ ಇತರರಿಗಿಂತ ಹೆಚ್ಚು. ಅಂಥವರಲ್ಲೇ ಅಳತೆಯೂ ಮೋಸಗೊಳಿಸಿದರೆ ಗತಿಯೇನು? ಹಿಂದೆ ಲೇಸರ್ ಚಿಕಿತ್ಸೆ ಆಗಿದ್ದವರು ಅದನ್ನು ಎಷ್ಟು ವರ್ಷವಾದರೂ ಕಣ್ಣಿನ ವೈದ್ಯರಿಗೆ ತಪ್ಪದೆ ತಿಳಿಸಬೇಕಾದುದು ಈ ಕಾರಣಕ್ಕೆ.

ಎರಡನೆಯದು ಲೇಸರಿನ ವಿಚಾರ. 1981ರಲ್ಲಿ ಅಮೆರಿಕದ ಐ.ಬಿ.ಎಂ. ಪ್ರಯೋಗಶಾಲೆಯಲ್ಲಿ ಭಾರತೀಯ ಮೂಲದ ರಂಗಸ್ವಾಮಿ ಶ್ರೀನಿವಾಸನ್, ಜೇಮ್ಸ್ ವಿನ್, ಸ್ಯಾಮ್ಯುಯೆಲ್ ಬ್ಲಮ್ ಈ ಮೂವರು, ಎಕ್ಸೈಮರ್ ಲೇಸರಿನಿಂದ ಅಕ್ಕಪಕ್ಕವನ್ನು ಸುಡದೆ ಜೀವಿಗಳ ಅಂಗಾಂಶವನ್ನು ನವಿರಾಗಿ ಕೆತ್ತಬಹುದೆಂದು ಕಂಡುಕೊಂಡರು. ಲೇಸಿಕ್ ಚಿಕಿತ್ಸೆಯಲ್ಲಿ ಕಾರ್ನಿಯಾದ ಮೇಲ್ಭಾಗವನ್ನು ಮುಚ್ಚಳದಂತೆ ಎತ್ತಿ, ಒಳಪದರವನ್ನು ಕೆತ್ತಿ, ಮತ್ತೆ ಮುಚ್ಚುತ್ತಾರೆ. ಆರು ಮಿಲಿಮೀಟರ್ ಅಗಲದ ಜಾಗದಲ್ಲಿ ಒಂದು ಡಯಾಪ್ಟರಿಗೆ ಸುಮಾರು 12 ಮೈಕ್ರಾನ್ ಕೆತ್ತಬೇಕು. ಲೆಕ್ಕ ಹಾಕಿ ನೋಡಿ: 540 ಮೈಕ್ರಾನಿನ ಕಾರ್ನಿಯಾ, ನಂಬರು ಆರು. ಮುಚ್ಚಳಕ್ಕೆ 110, ಕೆತ್ತನೆಗೆ 72 ಕಳೆದರೆ ಅಡಿಯಲ್ಲಿ 358 ಉಳಿಯಿತು. ಇನ್ನೊಬ್ಬರದು 490 ಮೈಕ್ರಾನ್, ನಂಬರು ಹತ್ತು. ಮುಚ್ಚಳಕ್ಕೆ 110, ಕೆತ್ತನೆಗೆ 120, ಉಳಿದುದು 260. ಕನಿಷ್ಠ 250 ಉಳಿಯಲೇಬೇಕೆಂಬುದು ಶಸ್ತ್ರವೈದ್ಯರಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಮಿತಿ. ಕೂಡಿಸಿದ ಮುಚ್ಚಳ ಹಳೆಯ ಬಲವನ್ನು ಪೂರ್ತಿಯಾಗಿ ಮರಳಿ ಕೊಡುವುದಿಲ್ಲ. ಭಾರವನ್ನೆಲ್ಲ ಹೊರುವುದು ಅಡಿಯ ಭಾಗವೇ. ಮೇಲಾಗಿ, 250 ಎಂಬುದು ದಪ್ಪದ ಲೆಕ್ಕ, ಕಸುವಿನ ಲೆಕ್ಕವಲ್ಲ. ದಪ್ಪನೆಯ ಬಟ್ಟೆಯೂ ನೇಯ್ಗೆ ಸಡಿಲವಾಗಿದ್ದರೆ ಹಿಂಜುವುದಲ್ಲವೆ?

ಹಾಗೆ ಹಿಂಜಿದ ಕಾರ್ನಿಯಾ ಒಳಗಿನ ಒತ್ತಡಕ್ಕೆ ಮುಂದಕ್ಕೆ ಉಬ್ಬತೊಡಗುತ್ತದೆ. ಲೇಸಿಕ್ ಆದವರಲ್ಲಿ ಹೀಗಾಗುವುದುಂಟೆಂದು 1998ರಲ್ಲಿ ಜರ್ಮನಿಯ ಥಿಯೋ ಸೈಲರ್ ಮತ್ತು ಸಂಗಡಿಗರು ವರದಿ ಮಾಡಿದರು. ಇದು ವಿರಳ. ಆದರೆ ಯಾವ ಚಿಕಿತ್ಸೆಯೂ ಇಲ್ಲದೆ ಹದಿಹರೆಯದಲ್ಲೇ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ಕೆರಟೋಕೋನಸ್ ಎಂಬ ರೋಗವಿದೆ. ಮೊದಮೊದಲು ಇದು ಬರಿಯ ಸಮೀಪದೃಷ್ಟಿಯ ವೇಷದಲ್ಲೇ ಬರುತ್ತದೆ: ನಂಬರು ಮತ್ತೆ ಮತ್ತೆ ಬದಲಾಗುತ್ತದೆ, ಸಿಲಿಂಡರ್ ನಂಬರು ಏರುತ್ತದೆ, ಹೊಸ ಕನ್ನಡಕ ಹಾಕಿದರೂ ನೋಟ ನಿಚ್ಚಳವಾಗದು. ಅಲರ್ಜಿಯ ತುರಿಕೆಗೆ ಕಣ್ಣನ್ನು ಬಲವಾಗಿ ಉಜ್ಜುವ ಅಭ್ಯಾಸಕ್ಕೂ ಈ ರೋಗಕ್ಕೂ ನಿಕಟ ಸಂಬಂಧವಿದೆ.

ಇದಕ್ಕೆ ದಾರಿ ತೋರಿದವರೂ ಅದೇ ಸೈಲರ್ ಅವರ ಬಳಗ. ವೊಲೆನ್‌ಸಾಕ್, ಸ್ಪೋಯರ್ಲ್, ಸೈಲರ್ ಇವರು ಡ್ರೆಸ್ಡೆನ್ನಿನಲ್ಲಿ ನಡೆಸಿದ ಚಿಕಿತ್ಸೆಯ ಫಲ 2003ರಲ್ಲಿ ಪ್ರಕಟವಾಯಿತು. ಬಿ-2 ಜೀವಸತ್ವವಾದ ರೈಬೊಫ್ಲೇವಿನ್ ಹನಿಗಳಲ್ಲಿ ಕಾರ್ನಿಯಾವನ್ನು ನೆನೆಸಿ, ಅರ್ಧ ಗಂಟೆ ನೇರಳಾತೀತ ಕಿರಣ ಹಾಯಿಸಿದರೆ, ಕೊಲಾಜೆನ್ ಎಳೆಗಳ ನಡುವೆ ಹೊಸ ಬೆಸುಗೆಗಳು ಹುಟ್ಟಿ ನೇಯ್ಗೆ ಬಿಗಿಯಾಗುತ್ತದೆ. ಬಹುಮಂದಿಯಲ್ಲಿ ರೋಗ ಅಲ್ಲಿಗೆ ನಿಲ್ಲುತ್ತದೆ. ಆದರೆ ಕೆಟ್ಟ ಆಕಾರ ಪೂರ್ತಿಯಾಗಿ ಹಿಂದಿರುಗದು. ಆದಕಾರಣ ಬೇಗ ಗುರುತಿಸುವುದೇ ಮುಖ್ಯ.

ತಂದೆತಾಯಿಗಳು ಮಾಡಬಹುದಾದುದಿಷ್ಟು. ಮಕ್ಕಳು ಕಣ್ಣುಜ್ಜುತ್ತಿದ್ದರೆ ಗದರಿಸಿ ಸುಮ್ಮನಾಗದೆ ತುರಿಕೆಗೆ ಔಷಧಿ ಕೊಡಿಸಿರಿ. ನಂಬರು ಬೇಗಬೇಗನೆ ಬದಲಾದರೆ ಕಾರ್ನಿಯಾದ ನಕ್ಷೆ ತೆಗೆಯುವ ಪರೀಕ್ಷೆಯನ್ನು ಕೇಳಿರಿ. ಲೇಸರ್ ಚಿಕಿತ್ಸೆಗೆ ಒಪ್ಪುವ ಮುನ್ನ ‘ಕಾರ್ನಿಯಾದ ದಪ್ಪವೆಷ್ಟು, ಉಳಿಯುವುದೆಷ್ಟು, ಅದರ ಕಸುವನ್ನು ನೋಡಿದ್ದೀರಾ?’ ಎಂದು ವೈದ್ಯರನ್ನು ವಿಚಾರಿಸಿರಿ. ‘ಈ ಕಣ್ಣಿಗೆ ಬೇಡ’ ಎಂದು ಅವರು ಹೇಳಿದರೆ ಅದನ್ನು ನಿರಾಶೆಯ ಮಾತೆಂದು ತಿಳಿಯದೆ ಹಿತವಚನವೆಂದು ತಿಳಿಯಿರಿ. ಮೂಗಿನ ಮೇಲಿನ ಕನ್ನಡಕ ಒಡೆದರೆ ಬೇರೊಂದನ್ನು ಸಂಜೆಯೊಳಗೆ ಮಾಡಿಸಬಹುದು. ಹುಟ್ಟಿನಿಂದ ಬಂದ ಈ ಗಾಜಿನ ವಿಷಯ ಹಾಗಲ್ಲ.