ಏದುಸಿರು ಅಳೆಯುವ ವಿದ್ಯೆ

ಟ್ರೆಡ್‌ಮಿಲ್ ಮೇಲೆ ಯಾರೂ ಹತ್ತುವ ಮೊದಲೇ ವ್ಯಾಯಾಮ ವಿಜ್ಞಾನದ ವಿದ್ಯಾರ್ಥಿಗೆ ಕೈತುಂಬ ಕೆಲಸ. ಮೂರು ಲೀಟರ್ ಗಾಳಿ ಹಿಡಿಯುವ ದಪ್ಪ ಸಿರಿಂಜನ್ನು ಯಂತ್ರಕ್ಕೆ ಜೋಡಿಸಿ ಒಮ್ಮೆ ಮೆಲ್ಲಗೆ, ಒಮ್ಮೆ ರಭಸದಿಂದ ತಳ್ಳಬೇಕು. ಹೇಗೆ ತಳ್ಳಿದರೂ ಯಂತ್ರ ಮೂರು ಲೀಟರ್ ಎಂದೇ ತೋರಿಸಬೇಕು. ಆಮೇಲೆ, ಎಷ್ಟು ಆಮ್ಲಜನಕ ಇದೆಯೆಂದು ಮೊದಲೇ ಗೊತ್ತಿರುವ ಸಿಲಿಂಡರಿನ ಅನಿಲ ಹಾಯಿಸಿ ಸೆನ್ಸರ್‌ಗಳನ್ನು ಸರಿಹೊಂದಿಸಬೇಕು. ಇಷ್ಟಾದ ಮೇಲೆಯೇ ಓಡುವವನ ಮುಖಕ್ಕೆ ಮಾಸ್ಕ್. ಬ್ರೂಸ್ ಪ್ರೋಟೊಕಾಲ್ ಎಂಬ ಕ್ರಮ ಹಿಡಿದರೆ ಮೂರು ಮೂರು ನಿಮಿಷಕ್ಕೆ ವೇಗ ಹೆಚ್ಚುತ್ತದೆ, ಏರು ಕಡಿದಾಗುತ್ತದೆ. ಮಾಸ್ಕ್ ಒಳಗಿನಿಂದ ಮಾತು ಹೊರಡುವುದಿಲ್ಲವಲ್ಲ, ಹಾಗಾಗಿ ಸಹಪಾಠಿಯೊಬ್ಬಳು 6ರಿಂದ 20ರವರೆಗೆ ಅಂಕಿ ಬರೆದ ಹಲಗೆ ಹಿಡಿದು ನಿಲ್ಲುತ್ತಾಳೆ. ಎಷ್ಟು ಕಷ್ಟವಾಗುತ್ತಿದೆ ಎಂದು ಅವನು ಬೆರಳಿಟ್ಟು ತೋರಿಸುತ್ತಾನೆ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ ಅಳತೆ ಇದು. ಆರೋಗ್ಯವಂತ ಯುವಕನ ಹೃದಯ ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 60, ಶ್ರಮದ ತುದಿಯಲ್ಲಿ ಸುಮಾರು 200 ಸಲ ಬಡಿಯುತ್ತದೆ. ಆ ಅಂಕಿಗಳಿಂದ ಒಂದೊಂದು ಸೊನ್ನೆ ತೆಗೆದರೆ ಬೋರ್ಗ್ ಹಲಗೆಯ ಎರಡು ತುದಿಗಳು ಸಿಗುತ್ತವೆ.

ಅಳೆಯುವುದಾದರೂ ಏನನ್ನು? ಒಳಗೆಳೆದ ಗಾಳಿಯಲ್ಲಿ ಆಮ್ಲಜನಕ ಶೇ 21ರಷ್ಟು, ಹೊರಬಿಟ್ಟದ್ದರಲ್ಲಿ ಶೇ 16-17. ನಡುವಿನ ವ್ಯತ್ಯಾಸ ದೇಹ ಬಳಸಿಕೊಂಡದ್ದು. ಇನ್ನು ಸಾಧ್ಯವೇ ಇಲ್ಲ ಎನ್ನುವ ಹಂತದಲ್ಲಿ ದೇಹ ನಿಮಿಷಕ್ಕೆ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದೇ ‘ವಿಓಟು ಮ್ಯಾಕ್ಸ್’. ತರಬೇತಿಯಿಲ್ಲದ ಯುವಕನಲ್ಲಿ ಅದು ದೇಹತೂಕದ ಪ್ರತಿ ಕಿಲೋಗೆ 40 ಮಿಲಿಲೀಟರ್ ಆಸುಪಾಸು. ದೂರದ ಓಟದ, ಸ್ಕೀಯಿಂಗ್‌ನ ಘಟಾನುಘಟಿಗಳಲ್ಲಿ 80 ದಾಟುವವರಿದ್ದಾರೆ.

ಈ ಕಲ್ಪನೆಗೆ ನೂರು ವರ್ಷ. ಕಪ್ಪೆಯ ಸ್ನಾಯುಗಳ ಮೇಲಿನ ಕೆಲಸಕ್ಕಾಗಿ 1922ರ ನೊಬೆಲ್ ಬಹುಮಾನವನ್ನು ಓಟ್ಟೊ ಮೆಯರ್‌ಹೋಫ್ ಜೊತೆ ಹಂಚಿಕೊಂಡ ಇಂಗ್ಲೆಂಡಿನ ಎ.ವಿ. ಹಿಲ್, ಬೆನ್ನಿಗೆ ಗಾಳಿಚೀಲ ಕಟ್ಟಿಕೊಂಡು ತಾವೇ ಓಡಿ, ಹಾರ್ಟ್ಲಿ ಲಪ್ಟನ್ ಜೊತೆಗೂಡಿ 1923ರಲ್ಲಿ ಅದನ್ನು ಮಂಡಿಸಿದರು. ವಿಷಯ ವಿಶ್ವವಿದ್ಯಾಲಯದಲ್ಲಿ ಬೇರೂರುವುದಕ್ಕೆ ಕಾರಣವಾದದ್ದು ಹಾರ್ವರ್ಡ್‌ನ ಫಟೀಗ್ ಲ್ಯಾಬೊರೇಟರಿ. 1927ರಿಂದ 1947ರವರೆಗೆ ಅದು ನಡೆದದ್ದು ಬಿಸಿನೆಸ್ ಸ್ಕೂಲಿನ ನೆಲಮಾಳಿಗೆಯಲ್ಲಿ! ದುಡಿಯುವ ಮನುಷ್ಯ ಏಕೆ ದಣಿಯುತ್ತಾನೆ ಎಂಬುದು ಅಲ್ಲಿಯ ಪ್ರಶ್ನೆ. ನೆವಾಡದ ಉರಿಬಿಸಿಲಿನಲ್ಲಿ ಹೂವರ್ ಅಣೆಕಟ್ಟು ಕಟ್ಟುತ್ತಿದ್ದ ಕೂಲಿಗಳ ಬೆವರಿನಲ್ಲಿ ಎಷ್ಟು ಉಪ್ಪು ಹೋಗುತ್ತದೆ ಎಂದು ಆ ಲ್ಯಾಬಿನವರು ಹೋಗಿ ನೋಡಿದರು.

‘ಜಿಮ್ ಟ್ರೈನರ್ ಆಗೋಕೂ ಡಿಗ್ರಿ ಬೇಕಾ?’ ಎಂದು ಕೇಳುವವರಿಗೆ ಈ ಇತಿಹಾಸ ಹೇಳಬೇಕು. ಕ್ರೀಡಾಪಟುವಿಗೆ ಈ ಶಾಸ್ತ್ರದಿಂದ ಲಾಭವಿದೆ, ನಿಜ. ಆದರೆ ಇದರ ದೊಡ್ಡ ಪಾಠಗಳೆಲ್ಲ ಬಂದದ್ದು ನಮ್ಮ ನಿಮ್ಮಂಥವರಿಂದ. ಜೆರೆಮಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನವಿಡೀ ಕೂತೇ ಇರುವ ಲಂಡನ್ ಬಸ್ ಚಾಲಕರಿಗಿಂತ ಡಬಲ್ ಡೆಕ್ಕರಿನ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಕಂಡಿತು. ಅದೇ ಬಸ್ಸು, ಅದೇ ರಸ್ತೆ.

ನನ್ನನ್ನು ಬಹಳ ಹಿಡಿದಿಟ್ಟದ್ದು ಡಲ್ಲಾಸ್ ಪ್ರಯೋಗ. 1966ರಲ್ಲಿ ಇಪ್ಪತ್ತರ ಹರೆಯದ ಐವರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಅವರ ವಿಓಟು ಮ್ಯಾಕ್ಸ್ ಕಾಲುಭಾಗಕ್ಕೂ ಹೆಚ್ಚು ಕುಸಿಯಿತು. ಮೂವತ್ತು ವರ್ಷದ ಮೇಲೆ ಅದೇ ಐವರನ್ನು ಹುಡುಕಿ ಮತ್ತೆ ಅಳೆದಾಗ, ಮೂವತ್ತು ವರ್ಷದ ವಯಸ್ಸು ತಂದ ಇಳಿತಕ್ಕಿಂತ ಮೂರು ವಾರದ ಹಾಸಿಗೆ ತಂದದ್ದೇ ಹೆಚ್ಚಾಗಿತ್ತು. ಆರು ತಿಂಗಳ ಹದವಾದ ತರಬೇತಿ ಕೊಟ್ಟರು. ಐವತ್ತು ದಾಟಿದವರ ಸಾಮರ್ಥ್ಯ ಇಪ್ಪತ್ತರಲ್ಲಿದ್ದ ಮಟ್ಟಕ್ಕೆ ಮರಳಿತು.

ತರಗತಿಯಲ್ಲಿ ಕಳಚಿಬೀಳುವ ನಂಬಿಕೆಗಳೂ ಇವೆ. ವ್ಯಾಯಾಮದ ಮರುದಿನ ಮೈಕೈ ನೋಯಲು ಲ್ಯಾಕ್ಟಿಕ್ ಆಮ್ಲ ಕಾರಣ ಎನ್ನುವುದನ್ನು ಜಿಮ್‌ಗಳಲ್ಲಿ ಈಗಲೂ ಕೇಳುತ್ತೇವೆ. ರಕ್ತದಲ್ಲಿ ಏರಿದ ಲ್ಯಾಕ್ಟೇಟ್ ಗಂಟೆಯೊಂದರಲ್ಲಿ ಹೆಚ್ಚುಕಡಿಮೆ ಇಳಿದುಹೋಗುತ್ತದೆ, ಹೃದಯ ಅದನ್ನು ಇಂಧನವಾಗಿಯೂ ಬಳಸುತ್ತದೆ. ನೋವಿಗೆ ಮೂಲ ಸ್ನಾಯುವಿನ ಎಳೆಗಳಿಗೆ ಆಗುವ ಸೂಕ್ಷ್ಮ ಘಾಸಿ. ಬೆಟ್ಟ ಹತ್ತಿದ್ದಕ್ಕಿಂತ ಇಳಿದದ್ದೇ ಮರುದಿನ ಹೆಚ್ಚು ನೋಯಿಸುವುದು ಅದಕ್ಕೇ.

ಇನ್ನು ನಮ್ಮ ದೇಶಕ್ಕೆ ಬಂದರೆ, ಗ್ವಾಲಿಯರ್‌ನಲ್ಲಿ 1957ರಲ್ಲಿ ಆರಂಭವಾದ ಲಕ್ಷ್ಮೀಬಾಯಿ ಸಂಸ್ಥೆ ದೈಹಿಕ ಶಿಕ್ಷಣದ ಹಾದಿಯಿಂದ ಈ ವಿಷಯಕ್ಕೆ ಬಂತು. ನಮ್ಮ ಮಣಿಪಾಲದಲ್ಲಿ ಆರೋಗ್ಯ ವೃತ್ತಿಗಳ ಕಾಲೇಜಿನೊಳಗೇ ವ್ಯಾಯಾಮ ಮತ್ತು ಕ್ರೀಡಾ ವಿಜ್ಞಾನದ ವಿಭಾಗವಿದೆ. ಆಸ್ಪತ್ರೆಯ ಪಕ್ಕದಲ್ಲೇ ಕಲಿಯುವುದು ಸರಿಯಾದ ಜಾಗ ಎಂದು ನನ್ನ ಅನಿಸಿಕೆ. ದೈಹಿಕ ಶಿಕ್ಷಣದ ಪದವಿಯಾದ ಬಿಪಿಇಡಿ ಮುಗಿಸಿದವರು ಶಾಲೆಯ ಮೈದಾನ ನೋಡಿಕೊಳ್ಳುತ್ತಾರೆ. ವ್ಯಾಯಾಮ ವಿಜ್ಞಾನದ ವಿದ್ಯಾರ್ಥಿಗಳು ಅಂಗರಚನೆ, ಶರೀರಕ್ರಿಯೆ, ಬಯೋಮೆಕ್ಯಾನಿಕ್ಸ್, ಪೋಷಣೆ ಓದಿ, ರೋಗಿಗೆ ಎಷ್ಟು ಶ್ರಮ ಹಿತ, ಎಷ್ಟು ಅಪಾಯ ಎಂದು ಲೆಕ್ಕಹಾಕಲು ಕಲಿಯುತ್ತಾರೆ.

ಆ ಲೆಕ್ಕಕ್ಕೆ ಯಾವಾಗಲೂ ದುಬಾರಿ ಯಂತ್ರ ಬೇಕಿಲ್ಲ. ಆರು ನಿಮಿಷದ ನಡಿಗೆ ಪರೀಕ್ಷೆಗೆ 30 ಮೀಟರ್ ಸಪಾಟು ಕಾರಿಡಾರ್, ತಿರುಗುವ ಜಾಗಕ್ಕೆ ಎರಡು ಕೋನ್, ಒಂದು ಸ್ಟಾಪ್‌ವಾಚ್, ಸುಸ್ತಾದರೆ ಕೂರಲು ಕುರ್ಚಿ ಸಾಕು. ನಿಮಿಷಕ್ಕೊಮ್ಮೆ ರೋಗಿಗೆ ಹೇಳುವ ಮಾತು ಮೊದಲೇ ನಿಗದಿ. ಹುರಿದುಂಬಿಸಿದರೆ ರೋಗಿ ಹೆಚ್ಚು ನಡೆದುಬಿಡುತ್ತಾನೆ, ಹೋದ ತಿಂಗಳ ಅಂಕಿಯೊಂದಿಗೆ ಹೋಲಿಸಲಾಗುವುದಿಲ್ಲ. ಒಂದೇ ದನಿಯಲ್ಲಿ ಹೇಳುವುದನ್ನೂ ವಿದ್ಯಾರ್ಥಿ ಅಭ್ಯಾಸ ಮಾಡುತ್ತಾನೆ. ಕಾರಿಡಾರ್ ನಮ್ಮ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಇದೆ. ಹೃದಯಾಘಾತದಿಂದ ಚೇತರಿಸಿಕೊಂಡು ಮನೆಗೆ ಹೊರಟ ರೈತನಿಗೆ ಮತ್ತೆ ಯಾವಾಗ ಗುದ್ದಲಿ ಹಿಡಿಯಬಹುದೆಂದು ಅಳೆದು ಹೇಳುವ ಹುದ್ದೆಯೊಂದನ್ನು ಅಲ್ಲಿ ತೆರೆಯಬೇಕು.